ಆರ್ಡರ್ ಹೋಯ್ತು, ಆದ್ರೆ ಎಲ್ಲಿಗೆ? ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಯೊಂದರ ಕತೆ



ಹೋದ ಸಲ ಮಾತಾಡುವಾಗ ನಾನು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಕೊಡೋ ಕಂಪನಿಯಲ್ಲಿ ಕೆಲಸ ಮಾಡ್ತೀನಿ ಅಂತ ಹಾಗೇ ಒಂದು ಮಾತು ಹೇಳಿ ಮುಂದೆ ಹೋಗಿದ್ದೆ. ನೋಡಿದ್ರೆ ಅದಕ್ಕೇ ಜಾಸ್ತಿ ಪ್ರಶ್ನೆ ಬಂದವು. "ಹೆಲ್ತ್‌ಕೇರ್ ಡೊಮೇನ್ ಹೇಗಿದೆ? ಬ್ಯಾಂಕಿಂಗ್ ಬಿಟ್ಟು ಬರಬಹುದಾ? ಬರೀ ಫಾರ್ಮ್ ತುಂಬೋ ಸಾಫ್ಟ್‌ವೇರ್ ತಾನೇ, ಅದರಲ್ಲಿ ಕಲಿಯೋದೇನಿದೆ?" ಆ ಕೊನೇ ಪ್ರಶ್ನೆ ಒಂದು ಕಾಲಕ್ಕೆ ನನ್ನದೂ ಆಗಿತ್ತು. ಎಂಟೆಕ್ ಮುಗಿಸಿ ದಾವಣಗೆರೆಯಿಂದ ಪುಣೆಗೆ ಬಂದಾಗ, ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಓದಿದವನನ್ನ ತಂದು ಆಸ್ಪತ್ರೆ ಪ್ರಾಜೆಕ್ಟ್‌ಗೆ ಹಾಕಿದ್ರಲ್ಲ ಅಂತ ಒಂದು ತಿಂಗಳು ಮುಖ ಊದಿಸಿಕೊಂಡು ಓಡಾಡಿದ್ದೆ.

ಇವತ್ತು ಆ ಪ್ರಶ್ನೆಗೆ ಉತ್ತರ ಹೇಳ್ತೀನಿ. ಆದ್ರೆ ಸಂಬಳ, ಸರ್ಟಿಫಿಕೇಷನ್ ಕಡೆಯಿಂದ ಅಲ್ಲ. ಒಂದು ಕಂಪನಿ, ಒಂದು ಆಸ್ಪತ್ರೆ, ಅವೆರಡರ ನಡುವೆ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಒಂದು ಕ್ಯೂ. ಈ ಕತೆ ಅಮೆರಿಕದ್ದು. ಕೊನೆಗೆ ಪುಣೆ ಹತ್ತಿರದ ನನ್ನದೇ ಒಂದು ಎಡವಟ್ಟೂ ಇದೆ, ಅದನ್ನೂ ಮುಚ್ಚಿಡದೆ ಹೇಳ್ತೀನಿ.

ಮೊದಲು ಇಎಚ್‌ಆರ್ ಅಂದ್ರೆ ಏನು ಅಂತ ನೋಡೋಣ. ಎಲೆಕ್ಟ್ರಾನಿಕ್ ಹೆಲ್ತ್ ರೆಕಾರ್ಡ್. ಹೆಸರು ಕೇಳಿದ್ರೆ ರೋಗಿಯ ಫೈಲನ್ನ ಸ್ಕ್ಯಾನ್ ಮಾಡಿ ಇಟ್ಟ ಹಾಗೆ ಅನ್ನಿಸುತ್ತೆ. ಹಾಗಲ್ಲ. ಫೈಲ್ ಇಡೋದು ಅದರ ಅರ್ಧ ಕೆಲಸ ಮಾತ್ರ. ಉಳಿದರ್ಧ, ನನ್ನ ಪ್ರಕಾರ ಮುಖ್ಯವಾದ ಅರ್ಧ, ಆರ್ಡರ್. ಡಾಕ್ಟರು "ಈ ರೋಗಿಗೆ ರಕ್ತ ಪರೀಕ್ಷೆ ಮಾಡಿ", "ಎದೆ ಎಕ್ಸ್‌ರೇ ತೆಗೀರಿ", "ಒಂದು ತಿಂಗಳು ಬಿಟ್ಟು ಮತ್ತೆ ಕರೆಸಿ", "ಕಣ್ಣಿನ ಡಾಕ್ಟರಿಗೆ ತೋರಿಸಿ" ಅಂತ ಹೇಳೋದೆಲ್ಲ ಆರ್ಡರ್‌ಗಳೇ. ಆಸ್ಪತ್ರೆ ನಡೆಯೋದೇ ಇವುಗಳ ಮೇಲೆ. ಒಂದು ದೊಡ್ಡ ಆಸ್ಪತ್ರೆಯಲ್ಲಿ ದಿನಕ್ಕೆ ಸಾವಿರಾರು ಆರ್ಡರ್ ಹುಟ್ಟುತ್ತವೆ. ಪ್ರತಿಯೊಂದೂ ಸರಿಯಾದ ಜಾಗಕ್ಕೆ ಹೋಗಬೇಕು, ಅಲ್ಲಿ ಒಬ್ಬರು ಅದನ್ನ ನೋಡಬೇಕು, ಕೆಲಸ ಆಗಬೇಕು, ಫಲಿತಾಂಶ ವಾಪಸ್ ಬಂದು ಕೇಳಿದವರ ಕಣ್ಣಿಗೆ ಬೀಳಬೇಕು.

ಚಿಕ್ಕವನಿದ್ದಾಗ ನಮ್ಮ ಅಜ್ಜಿಯನ್ನ ಆಸ್ಪತ್ರೆಗೆ ಸೇರಿಸಿದ್ದಾಗ ಇದೆಲ್ಲ ಚೀಟಿಯಲ್ಲಿ ನಡೀತಿತ್ತು. ಡಾಕ್ಟರು ಬರೆದ ಚೀಟಿಯನ್ನ ವಾರ್ಡ್ ಬಾಯ್ ಲ್ಯಾಬ್‌ಗೆ ಒಯ್ಯೋನು. ಸಿಸ್ಟರ್ ಹತ್ತಿರ ಗೆರೆ ಹಾಕಿದ ದಪ್ಪ ರಿಜಿಸ್ಟರ್. ಎಡಗಡೆ ಹೆಸರು, ಮಧ್ಯ ಪರೀಕ್ಷೆ, ಬಲಗಡೆ ರಿಪೋರ್ಟ್ ಬಂತಾ ಅನ್ನೋ ಖಾನೆ. ಆ ರಿಜಿಸ್ಟರ್ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಈ ಕೆಲಸಕ್ಕೆ ಸಾಫ್ಟ್‌ವೇರ್ ಮಾರೋ ಕಂಪನಿಗಳು ಇವತ್ತು ನಿನ್ನೆಯವಲ್ಲ. 1960ರ ದಶಕದ ಕೊನೆಯಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನ ಒಂದು ಪ್ರಯೋಗಾಲಯದಲ್ಲಿ ಆಸ್ಪತ್ರೆ ಡೇಟಾಗೆ ಅಂತಲೇ ಒಂದು ಭಾಷೆ, ಅದರ ಜೊತೆಗೇ ಒಂದು ಡೇಟಾಬೇಸ್ ಹುಟ್ಟಿದವು. ಹೆಸರು ಮಂಪ್ಸ್. ಹೌದು, ನಮ್ಮ ಮಂಗನಬಾವು ಕಾಯಿಲೆಯ ಇಂಗ್ಲಿಷ್ ಹೆಸರೇ. ಅದನ್ನ ಕಟ್ಟಿದವರಲ್ಲಿ ಒಬ್ಬರಾದ ನೀಲ್ ಪಪ್ಪಲಾರ್ಡೋ 1969ರಲ್ಲಿ ಮೆಡಿಟೆಕ್ ಕಂಪನಿ ಶುರು ಮಾಡಿದ್ರು. ಹತ್ತು ವರ್ಷದ ನಂತರ, 1979ರಲ್ಲಿ, ಎರಡು ಕಂಪನಿ ಒಟ್ಟಿಗೇ ಹುಟ್ಟಿದವು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಜೂಡಿ ಫಾಕ್ನರ್ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಶುರು ಮಾಡಿದ್ದು ಮುಂದೆ ಎಪಿಕ್ ಆಯ್ತು. ಅದು ಇವತ್ತಿಗೂ ಷೇರು ಮಾರುಕಟ್ಟೆಗೆ ಬಂದಿಲ್ಲ. ಕಾನ್ಸಾಸ್ ಸಿಟಿಯಲ್ಲಿ ನೀಲ್ ಪ್ಯಾಟರ್‌ಸನ್, ಕ್ಲಿಫ್ ಇಲಿಗ್, ಪಾಲ್ ಗೋರಪ್ ಅನ್ನೋ ಮೂವರು ಶುರು ಮಾಡಿದ್ದು ಸರ್ನರ್. ಇವರ ಮೊದಲ ಪ್ರಾಡಕ್ಟ್ ಲ್ಯಾಬ್‌ಗಳಿಗೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಜರಡಿ ಹಿಡಿಯೋದು ಅಂತ ಅರ್ಥ. ಜರಡಿಯಲ್ಲಿ ಏನು ನಿಂತಿತು, ಏನು ಕೆಳಗೆ ಬಿತ್ತು ಅನ್ನೋದೇ ಇವತ್ತಿನ ಕತೆ ಆಗಿರೋದ್ರಿಂದ ಈ ಹೆಸರು ನನಗೆ ಆಗಾಗ ನೆನಪಾಗುತ್ತೆ.

ಸರ್ನರ್ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಅವರ ದೊಡ್ಡ ಆಫೀಸಿತ್ತು. ನಮ್ಮ ಕಡೆಯ ಎಷ್ಟೋ ಜನ ಅಲ್ಲೇ ಹೆಲ್ತ್‌ಕೇರ್‌ನ ಅ ಆ ಇ ಈ ಕಲಿತವರು. 2022ರ ಜೂನ್‌ನಲ್ಲಿ ಒರಾಕಲ್ ಆ ಕಂಪನಿಯನ್ನ ಸುಮಾರು 2800 ಕೋಟಿ ಡಾಲರ್‌ಗೆ ಕೊಂಡುಕೊಳ್ತು.

ಈ ಕಂಪನಿಗಳು ನಿಜವಾಗಿ ಉಬ್ಬಿದ್ದು 2009ರ ನಂತರ. ಆ ವರ್ಷ ಅಮೆರಿಕದಲ್ಲಿ ಹೈಟೆಕ್ ಅನ್ನೋ ಕಾನೂನು ಬಂತು. ಇಎಚ್‌ಆರ್ ಹಾಕಿಕೊಂಡು ಸರಿಯಾಗಿ ಬಳಸ್ತೀವಿ ಅಂತ ತೋರಿಸಿದ ಆಸ್ಪತ್ರೆಗೆ ಸರ್ಕಾರದ ದುಡ್ಡು, ಹಾಕಿಕೊಳ್ಳದೆ ಕೂತವರಿಗೆ ಮುಂದೆ ಕಡಿತ. 2008ರಲ್ಲಿ ಅಲ್ಲಿನ ಹತ್ತು ಆಸ್ಪತ್ರೆಯಲ್ಲಿ ಒಂದರಲ್ಲೂ ಸರಿಯಾದ ಇಎಚ್‌ಆರ್ ಇರಲಿಲ್ಲ ಅನ್ನಬಹುದು. 2015ರ ಹೊತ್ತಿಗೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಕಡೆ ಬಂದಿತ್ತು. ಅಷ್ಟು ಅವಸರದಲ್ಲಿ ಅಷ್ಟು ಆಸ್ಪತ್ರೆ ಒಂದು ಸಾಫ್ಟ್‌ವೇರ್‌ಗೆ ಹೋದ್ರೆ ಏನೇನಾಗಬಹುದು ಅಂತ ಗೋ-ಲೈವ್ ಮಾಡಿಸಿದ ಯಾರನ್ನಾದ್ರೂ ಕೇಳಿ.

ಈಗ ನಮ್ಮ ಕತೆಯ ಆಸ್ಪತ್ರೆಗೆ ಬರೋಣ. ಅಮೆರಿಕದಲ್ಲಿ ಸೇನೆಯಿಂದ ನಿವೃತ್ತರಾದವರನ್ನ ನೋಡಿಕೊಳ್ಳೋಕೆ ಒಂದು ಪ್ರತ್ಯೇಕ ಇಲಾಖೆಯೇ ಇದೆ, ವೆಟರನ್ಸ್ ಅಫೇರ್ಸ್, ಚಿಕ್ಕದಾಗಿ ವಿಎ. ದೇಶದ ತುಂಬ ಅದರ ಆಸ್ಪತ್ರೆಗಳು. 1970ರ ದಶಕದ ಕೊನೆಯಿಂದ ಅವರ ಡಾಕ್ಟರುಗಳು, ಪ್ರೋಗ್ರಾಮರುಗಳು ಸೇರಿ, ಅದೇ ಮಂಪ್ಸ್ ಭಾಷೆಯಲ್ಲಿ, ತಮ್ಮದೇ ಸಿಸ್ಟಮ್ ಕಟ್ಟಿಕೊಂಡಿದ್ರು. ಹೆಸರು ವಿಸ್ಟಾ. ನೋಡೋಕೆ ಚೆಂದ ಇರಲಿಲ್ಲ, ಆದ್ರೆ ಬಳಸೋರು ಅದನ್ನ ಇಷ್ಟಪಡ್ತಿದ್ರು. ತೊಂದ್ರೆ ಏನಂದ್ರೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ ಬೆಳೆದು ಬಿಟ್ಟಿತ್ತು. ನಿರ್ವಹಣೆ ದುಬಾರಿ ಆಗ್ತಿತ್ತು. ಸೇನೆಯಲ್ಲಿ ಇದ್ದಾಗಿನ ದಾಖಲೆ, ನಿವೃತ್ತಿಯ ನಂತರದ ದಾಖಲೆ ಒಂದಕ್ಕೊಂದು ಸಲೀಸಾಗಿ ಸೇರ್ತಿರಲಿಲ್ಲ. ಸೇನೆ ಆಗಲೇ ಸರ್ನರ್ ಕಡೆ ಹೊರಟಿತ್ತು. ಹಾಗಾಗಿ 2017ರಲ್ಲಿ ವಿಎ ಕೂಡ ಸರ್ನರ್‌ಗೇ ಹೋಗೋದು ಅಂತ ತೀರ್ಮಾನ ಮಾಡಿತು. ಬೇರೆ ಕಂಪನಿಗಳ ಟೆಂಡರ್ ಕರೀಲಿಲ್ಲ. 2018ರ ಮೇ ತಿಂಗಳಲ್ಲಿ ಒಪ್ಪಂದ. ಹತ್ತು ವರ್ಷ, 1000 ಕೋಟಿ ಡಾಲರ್.

ಮೊದಲ ಗೋ-ಲೈವ್ ಆಗಿದ್ದು 2020ರ ಅಕ್ಟೋಬರ್‌ನಲ್ಲಿ, ವಾಷಿಂಗ್ಟನ್ ರಾಜ್ಯದ ಸ್ಪೋಕ್ಯಾನ್ ಊರಿನ ಮ್ಯಾನ್-ಗ್ರ್ಯಾಂಡ್‌ಸ್ಟಾಫ್ ಆಸ್ಪತ್ರೆಯಲ್ಲಿ. ಕೋವಿಡ್ ಕಾಲ.

ಅಲ್ಲಿ ಏನಾಯ್ತು ಅಂತ ಸರಳವಾಗಿ ಹೇಳ್ತೀನಿ. ಡಾಕ್ಟರು ಸ್ಕ್ರೀನ್‌ನಲ್ಲಿ ಆರ್ಡರ್ ಹಾಕ್ತಾರೆ. ಆ ಆರ್ಡರ್ ಯಾವ ಜಾಗಕ್ಕೆ ಹೋಗಬೇಕು ಅನ್ನೋದನ್ನ ಸಿಸ್ಟಮ್ ತನ್ನ ಒಳಗಿನ ಪಟ್ಟಿ ಜೊತೆ ಹೊಂದಿಸಿ ನೋಡುತ್ತೆ. ಕಣ್ಣಿನ ವಿಭಾಗದ ಆರ್ಡರ್ ಕಣ್ಣಿನ ವಿಭಾಗಕ್ಕೆ, ಎಕ್ಸ್‌ರೇ ಆರ್ಡರ್ ರೇಡಿಯಾಲಜಿಗೆ. ಪಟ್ಟಿಯಲ್ಲಿ ಹೊಂದಿಕೆ ಸಿಗದಿದ್ರೆ? ಆರ್ಡರ್ ಬಿಸಾಕೋ ಹಾಗಿಲ್ಲ. ಅದಕ್ಕೆ ಒಂದು ಜಾಗ ಮಾಡಿಟ್ಟಿದ್ರು. ಹೆಸರು "ಅನ್‌ನೋನ್ ಕ್ಯೂ". ಗುರುತು ಸಿಗದ ಆರ್ಡರ್‌ಗಳೆಲ್ಲ ಅಲ್ಲಿಗೆ.

ನೀವು ಇಂಜಿನಿಯರ್ ಆಗಿದ್ರೆ ಈಗಲೇ ತಲೆ ಅಲ್ಲಾಡಿಸಿರ್ತೀರಿ. ಡೆಡ್ ಲೆಟರ್ ಕ್ಯೂ! ಕಾಫ್ಕಾ, ರ್‍ಯಾಬಿಟ್‌ಎಂಕ್ಯೂ, ಎಸ್‌ಕ್ಯೂಎಸ್, ಯಾವುದು ಬಳಸಿದ್ರೂ ನಾವೆಲ್ಲ ಇಂಥದ್ದೊಂದು ಇಡ್ತೀವಿ. ಡಿಸೈನ್ ರಿವ್ಯೂನಲ್ಲಿ ಯಾರಾದ್ರೂ "ಫೇಲ್ ಆದ ಮೆಸೇಜ್ ಏನಾಗುತ್ತೆ?" ಅಂತ ಕೇಳಿದ್ರೆ "ಡಿಎಲ್‌ಕ್ಯೂಗೆ ಹೋಗುತ್ತೆ" ಅಂತೀವಿ, ಎಲ್ರೂ ತಲೆ ಆಡಿಸ್ತಾರೆ, ಮುಂದಿನ ಸ್ಲೈಡ್. ಆ ಡಿಎಲ್‌ಕ್ಯೂ ನೋಡೋರು ಯಾರು ಅಂತ ಯಾರೂ ಕೇಳಲ್ಲ.

ಸ್ಪೋಕ್ಯಾನ್‌ನಲ್ಲೂ ಅದೇ. ಆದ್ರೆ ಇನ್ನೂ ಒಂದು ಹೆಜ್ಜೆ ಮುಂದೆ: ಅಂಥ ಕ್ಯೂ ಇದೆ ಅನ್ನೋದೇ ಆಸ್ಪತ್ರೆಯವರಿಗೆ ಗೊತ್ತಿರಲಿಲ್ಲ. ಡಾಕ್ಟರ ಸ್ಕ್ರೀನ್‌ನಲ್ಲಿ ಆರ್ಡರ್ ಹೋಗಿದೆ ಅಂತಲೇ ಕಾಣ್ತಿತ್ತು. ಅದು ದಾರಿ ತಪ್ಪಿದೆ ಅಂತ ಅವರಿಗೆ ಯಾವ ಸೂಚನೆಯೂ ಬರ್ತಿರಲಿಲ್ಲ. ಆ ಕಡೆ ವಿಭಾಗದವರ ಪಟ್ಟಿಯಲ್ಲಿ ಆ ರೋಗಿಯ ಹೆಸರೇ ಇಲ್ಲ. ಹೆಸರೇ ಇಲ್ಲದ್ದನ್ನ ಅವರು ಹುಡುಕೋದಾದ್ರೂ ಹೇಗೆ?

ವಿಎ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ಅಂದ್ರೆ ಇಲಾಖೆಯ ಮೇಲೇ ಕಣ್ಣಿಡೋ ಸ್ವತಂತ್ರ ತನಿಖಾ ಕಚೇರಿ, 2022ರ ಜುಲೈನಲ್ಲಿ ಇದರ ಮೇಲೇ ಒಂದು ವರದಿ ಕೊಟ್ಟಿತು. ಗೋ-ಲೈವ್ ಆದ 2020ರ ಅಕ್ಟೋಬರ್‌ನಿಂದ 2021ರ ಜೂನ್‌ವರೆಗೆ 11,000ಕ್ಕೂ ಹೆಚ್ಚು ಆರ್ಡರ್ ಸೇರಬೇಕಾದ ಜಾಗಕ್ಕೆ ಸೇರಿರಲಿಲ್ಲ. ಇಲಾಖೆಯವರೇ ಕೂತು ಪರಿಶೀಲಿಸಿದಾಗ, ರೋಗಿಗಳಿಗೆ ಹಾನಿ ಆದ 149 ಪ್ರಕರಣ ಸಿಕ್ಕವು.

149 ಅನ್ನೋದು ಒಂದು ಸಂಖ್ಯೆ ಅಷ್ಟೇ. ವರದಿಯಲ್ಲಿರೋ ಒಬ್ಬರ ಬಗ್ಗೆ ಹೇಳ್ತೀನಿ. ಮನೆ ಇಲ್ಲದ ಒಬ್ಬ ಮಾಜಿ ಸೈನಿಕ. ಪ್ರಾಣಕ್ಕೆ ಅಪಾಯ ಮಾಡಿಕೊಳ್ಳಬಹುದು ಅಂತ ಮೊದಲೇ ಗುರುತಿಸಿದ್ದವರು. ಮನೋವೈದ್ಯರು ಅವರನ್ನ ನೋಡಿ, ಮತ್ತೆ ಕರೆಸಿ ನೋಡಬೇಕು ಅಂತ ಫಾಲೋ-ಅಪ್ ಆರ್ಡರ್ ಹಾಕಿದ್ರು. ಆ ಆರ್ಡರ್ ಅನ್‌ನೋನ್ ಕ್ಯೂಗೆ ಹೋಯ್ತು. ಅಪಾಯಿಂಟ್‌ಮೆಂಟ್ ನಿಗದಿ ಆಗಲೇ ಇಲ್ಲ. ಯಾರೂ ಅವರಿಗೆ ಫೋನ್ ಮಾಡ್ಲಿಲ್ಲ. ಕೆಲವು ವಾರಗಳ ನಂತರ ಅವರೇ ಮಾಜಿ ಸೈನಿಕರ ಸಹಾಯವಾಣಿಗೆ ಫೋನ್ ಮಾಡಿ, ಬದುಕು ಮುಗಿಸಿಕೊಳ್ಳೋ ಮಾತಾಡಿದ್ರು. ಅವರನ್ನ ಹುಡುಕಿ ಆಸ್ಪತ್ರೆಗೆ ಸೇರಿಸಲಾಯ್ತು. ಫೋನ್ ಮಾಡಿದ್ರು ಅನ್ನೋದಕ್ಕೆ ಅವರು ಉಳಿದ್ರು. ಆ ಫೋನನ್ನ ಅವರೇ ಮಾಡಬೇಕಾಗಿ ಬಂತಲ್ಲ, ಅದು ನನಗೆ ಓದಿದಾಗಿನಿಂದ ಚುಚ್ಚುತ್ತಲೇ ಇದೆ.

ಈಗ ರಿಜಿಸ್ಟರ್‌ಗೆ ವಾಪಸ್ ಬರ್ತೀನಿ.

ನಮ್ಮ ಸಿಸ್ಟರ್ ಹತ್ತಿರದ ಆ ದಪ್ಪ ಪುಸ್ತಕದಲ್ಲಿ ಒಂದು ಗುಣ ಇತ್ತು. ಅದರಲ್ಲಿ ಖಾಲಿ ಕಾಣ್ತಿತ್ತು. ರಿಪೋರ್ಟ್ ಬರದಿದ್ರೆ ಬಲಗಡೆ ಖಾನೆ ಖಾಲಿ. ಸಂಜೆ ಡ್ಯೂಟಿ ಬದಲಾಗುವಾಗ ಬೆರಳು ಇಟ್ಟು ಮೇಲಿಂದ ಕೆಳಗೆ ಬಂದ್ರೆ ಯಾರದ್ದು ಬಂದಿಲ್ಲ ಅಂತ ಕಣ್ಣಿಗೇ ಹೊಡೀತಿತ್ತು. ಚೀಟಿ ಕಳೆದು ಹೋಗಿರಬಹುದು, ವಾರ್ಡ್ ಬಾಯ್ ಚಹಾ ಕುಡಿಯೋಕೆ ನಿಂತಿರಬಹುದು, ಆದ್ರೆ ಖಾಲಿ ಖಾನೆ ಸುಳ್ಳು ಹೇಳ್ತಿರಲಿಲ್ಲ. ಕಾಗದದಲ್ಲಿ ನೂರು ತೊಂದ್ರೆ ಇದ್ದವು. ಡಾಕ್ಟರ ಅಕ್ಷರ ಓದೋಕೆ ಆಗ್ತಿರಲಿಲ್ಲ, ಔಷಧಿ ಪ್ರಮಾಣ ತಪ್ಪಾಗ್ತಿತ್ತು, ಫೈಲ್ ಮಳೆಗೆ ನೆನೀತಿತ್ತು. ಹಳೇದೇ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ, ನನ್ನ ಹೊಟ್ಟೆಪಾಡೇ ಸಾಫ್ಟ್‌ವೇರ್ ಮಾರೋದು. ಆದ್ರೆ ಸ್ಕ್ರೀನ್‌ನಲ್ಲಿ ಕಾಣೋದು ಬಂದದ್ದು ಮಾತ್ರ. ಬರಬೇಕಿತ್ತು, ಬರಲಿಲ್ಲ ಅನ್ನೋದನ್ನ ತೋರಿಸೋಕೆ ಯಾರಾದ್ರೂ ಬೇಕು ಅಂತಲೇ ಕೋಡ್ ಬರೀಬೇಕು. ಆ ಕೋಡ್‌ಗೆ ಡೆಮೋದಲ್ಲಿ ಜಾಗ ಇರಲ್ಲ. ಸೇಲ್ಸ್‌ನವರು ತೋರಿಸೋ ಯಾವ ಸ್ಲೈಡ್‌ನಲ್ಲೂ ಅದು ಬರಲ್ಲ.

ಹಾಗಾದ್ರೆ ತಪ್ಪು ಯಾರದು? ವರದಿ ಸ್ಪಷ್ಟವಾಗಿ ಹೇಳೋದು, ಆ ಕ್ಯೂ ಇದೆ ಅಂತ ಬಳಸೋರಿಗೆ ಸರ್ನರ್ ತಿಳಿಸಿರಲಿಲ್ಲ ಅಂತ. ಅದು ಬೆಳಕಿಗೆ ಬಂದಮೇಲೆ ಕ್ಯೂ ನೋಡಿ ಖಾಲಿ ಮಾಡೋ ಹೊರೆ ಬಿದ್ದಿದ್ದು ಆಸ್ಪತ್ರೆ ಸಿಬ್ಬಂದಿ ಮೇಲೆ. ರೋಗಿ ನೋಡೋದು ಬಿಟ್ಟು ಕ್ಯೂ ನೋಡೋದು.

ಈ ಉದ್ಯಮ ಒಳಗಿಂದ ನೋಡಿದವನಾಗಿ ಇನ್ನೊಂದು ಮಾತು ಸೇರಿಸ್ತೀನಿ. ಇಎಚ್‌ಆರ್ ಅನ್ನೋದು ಡಬ್ಬಿಯಿಂದ ತೆಗೆದು ಹಚ್ಚೋ ಮಿಕ್ಸಿ ಅಲ್ಲ. ಕಂಪನಿ ಕೊಡೋದು ಅರ್ಧ ಕಟ್ಟಿದ ಮನೆ. ಯಾವ ವಾರ್ಡ್‌ಗೆ ಯಾವ ಕೋಡ್, ಯಾವ ಪರೀಕ್ಷೆ ಯಾವ ಲ್ಯಾಬ್‌ಗೆ, ಯಾವ ಡಾಕ್ಟರು ಯಾವ ವಿಭಾಗ, ಇದನ್ನೆಲ್ಲ ತುಂಬೋದು ಇಂಪ್ಲಿಮೆಂಟೇಷನ್ ಸಮಯದಲ್ಲಿ. ಇದಕ್ಕೆ ನಮ್ಮಲ್ಲಿ ಮಾಸ್ಟರ್ ಡೇಟಾ ಅಂತೀವಿ. ಏನಾದ್ರೂ ತಪ್ಪಾದ್ರೆ ಕಂಪನಿ ಹೇಳುತ್ತೆ, "ಕಾನ್ಫಿಗರೇಷನ್ ಗ್ರಾಹಕರದ್ದು". ಆಸ್ಪತ್ರೆ ಹೇಳುತ್ತೆ, "ಸಾಫ್ಟ್‌ವೇರ್ ನಿಮ್ಮದು". ನಡುವೆ ಇಂಟಿಗ್ರೇಷನ್ ಮಾಡೋ ನಾವು, ಎಕ್ಸೆಲ್ ಶೀಟ್ ಹಿಡಿದುಕೊಂಡು. ಅಮೆರಿಕದಲ್ಲಂತೂ ಹಿಂದೆ ಕೆಲವು ಒಪ್ಪಂದಗಳಲ್ಲಿ, ತೊಂದ್ರೆ ಬಂದ ಸ್ಕ್ರೀನ್‌ನ ಚಿತ್ರವನ್ನ ಹೊರಗಿನವರಿಗೆ ತೋರಿಸೋ ಹಾಗಿಲ್ಲ ಅಂತ ಬಾಯಿ ಕಟ್ಟೋ ಷರತ್ತುಗಳೂ ಇರ್ತಿದ್ದವು. 2016ರ ಕ್ಯೂರ್ಸ್ ಕಾಯ್ದೆ, ಅದರ ಮೇಲೆ 2020ರಲ್ಲಿ ಬಂದ ನಿಯಮ ಅಂಥ ಷರತ್ತುಗಳಿಗೆ ತಡೆ ಹಾಕಿದವು. ಒಂದು ಆಸ್ಪತ್ರೆ ಒಮ್ಮೆ ಒಂದು ಇಎಚ್‌ಆರ್‌ಗೆ ಒಗ್ಗಿಕೊಂಡ್ರೆ ಬಿಟ್ಟು ಬರೋದು ಬಹಳ ಕಷ್ಟ. ಡೇಟಾ ಸಾಗಿಸಬೇಕು, ಎಲ್ಲರಿಗೂ ಮತ್ತೆ ಕಲಿಸಬೇಕು, ಆ ಸಮಯದಲ್ಲೂ ರೋಗಿಗಳು ಬರ್ತಾನೇ ಇರ್ತಾರೆ. ಅದು ಕಂಪನಿಗೆ ಗೊತ್ತು, ಆಸ್ಪತ್ರೆಗೂ ಗೊತ್ತು. ಚೌಕಾಸಿಯಲ್ಲಿ ಯಾರ ಕೈ ಮೇಲಿರುತ್ತೆ ಅಂತ ನೀವೇ ಯೋಚಿಸಿ.

ಸ್ಪೋಕ್ಯಾನ್ ನಂತರ 2022ರಲ್ಲಿ ಇನ್ನೂ ನಾಲ್ಕು ಕಡೆ ಹಾಕಿದ್ರು. 2023ರ ಏಪ್ರಿಲ್‌ನಲ್ಲಿ ವಿಎ ಹೊಸ ಆಸ್ಪತ್ರೆಗಳಿಗೆ ಹಾಕೋದನ್ನೇ ನಿಲ್ಲಿಸಿತು, ಮೊದಲು ಹಾಕಿರೋ ಕಡೆ ಸರಿ ಮಾಡಿ ಅಂತ. ಆ ವಿರಾಮದ ನಡುವೆ ಹೊಸದಾಗಿ ಶುರುವಾದದ್ದು ನಾರ್ತ್ ಷಿಕಾಗೋ ಊರಿನ ಒಂದು ಕಡೆ, 2024ರ ಮಾರ್ಚ್‌ನಲ್ಲಿ. ಅದೂ ಸೇನೆ ಮತ್ತು ವಿಎ ಎರಡೂ ಸೇರಿ ನಡೆಸೋ ಆಸ್ಪತ್ರೆ ಅನ್ನೋ ಕಾರಣಕ್ಕೆ.

"ಅಮೆರಿಕದ್ದು ಅಮೆರಿಕಕ್ಕೆ, ನಮಗೇನು?" ಅನ್ನೋರಿಗೆ: ನಮ್ಮಲ್ಲಿ ಈ ಕೆಲಸ ಈಗ ವೇಗ ಹಿಡೀತಿದೆ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಯ್ತು. 14 ಅಂಕಿಯ ಆಭಾ ನಂಬರ್ ನಿಮ್ಮ ಅಪ್ಪ ಅಮ್ಮನ ಹತ್ತಿರವೂ ಇರಬಹುದು. ಅವರ ಒಪ್ಪಿಗೆ ಮೇಲೆ ದಾವಣಗೆರೆಯ ರಿಪೋರ್ಟನ್ನ ಪುಣೆಯ ಡಾಕ್ಟರು ನೋಡಬಹುದು ಅನ್ನೋದು ಉದ್ದೇಶ. ಊರಿಂದ ದೂರ ಕೂತು, ಅಪ್ಪನ ರಿಪೋರ್ಟನ್ನ ವಾಟ್ಸಾಪ್‌ನಲ್ಲಿ ಅರ್ಧ ಕತ್ತರಿಸಿದ ಫೋಟೋವಾಗಿ ನೋಡೋ ನಮಗೆ ಇದು ಎಷ್ಟು ಬೇಕಾದದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಬಳಸೋ ಮಾನದಂಡ ಫೈರ್. ಅದು ಜೇಸನ್, ರೆಸ್ಟ್ ಎಲ್ಲ ಗೊತ್ತಿರೋ ನಮ್ಮಂಥವರಿಗೆ ಸಲೀಸು. ಆದ್ರೆ ಎರಡು ಸಿಸ್ಟಮ್ ಸೇರೋ ಪ್ರತಿ ಜಾಗದಲ್ಲೂ ಒಂದು ಹೊಂದಿಕೆ ಪಟ್ಟಿ ಇರುತ್ತೆ. ಹೊಂದಿಕೆ ಸಿಗದ್ದು ಬೀಳೋಕೆ ಒಂದು ಜಾಗವೂ ಇರುತ್ತೆ.

ಅಂಥ ಒಂದು ಜಾಗವನ್ನ ನಾನೇ ಕಟ್ಟಿದ್ದೆ.

ಪುಣೆಗೆ ಹತ್ತಿರದ ಒಂದು ಆಸ್ಪತ್ರೆ. ಹೆಸರು ಬೇಡ. ಆಸ್ಪತ್ರೆಯ ಇಎಚ್‌ಆರ್‌ನಿಂದ ಲ್ಯಾಬ್ ಸಿಸ್ಟಮ್‌ಗೆ ಆರ್ಡರ್ ಕಳಿಸೋ ಇಂಟರ್‌ಫೇಸ್ ನನ್ನ ಕೆಲಸ. ಅದು ಎಚ್‌ಎಲ್‌7 ಎರಡನೇ ಆವೃತ್ತಿಯ ಮೆಸೇಜ್. ನೋಡದವರಿಗೆ ಹೇಳೋದಾದ್ರೆ, ಒಂದೊಂದು ಸಾಲು ಒಂದೊಂದು ವಿಷಯ, ಸಾಲಿನೊಳಗೆ ಉದ್ದ ಗೆರೆ ಹಾಕಿ ಬೇರೆ ಮಾಡಿದ ಖಾನೆಗಳು. ಒಂದು ಸಾಲಲ್ಲಿ ರೋಗಿ ಯಾರು, ಇನ್ನೊಂದರಲ್ಲಿ ಯಾವ ವಾರ್ಡ್, ಇನ್ನೊಂದರಲ್ಲಿ ಯಾವ ಪರೀಕ್ಷೆ. 1980ರ ದಶಕದ ಕೊನೆಯ ಸೊಗಡು, ಆದ್ರೆ ಜಗತ್ತಿನ ಎಷ್ಟೋ ಆಸ್ಪತ್ರೆ ಇವತ್ತಿಗೂ ಅದರ ಮೇಲೇ ನಡೀತಿದೆ. ಮೆಸೇಜ್ ಕಳಿಸಿದ್ರೆ ಆ ಕಡೆಯಿಂದ ಒಂದು ಸ್ವೀಕೃತಿ ಬರುತ್ತೆ, ನಾವು ಆಕ್ ಅಂತೀವಿ. "ಎಎ" ಅಂತ ಬಂದ್ರೆ ಒಪ್ಪಿಕೊಂಡೆ ಅಂತ ಅರ್ಥ. ಇಲ್ಲೇ ಇರೋದು ಗುಟ್ಟು. ಬಹಳಷ್ಟು ಕಡೆ, ನಡುವೆ ಕೂತಿರೋ ಇಂಟರ್‌ಫೇಸ್ ಎಂಜಿನ್ ಮೆಸೇಜನ್ನ ತನ್ನ ಡಿಸ್ಕ್‌ಗೆ ಇಳಿಸಿದ ತಕ್ಷಣ ಆಕ್ ಕೊಟ್ಟು ಬಿಡುತ್ತೆ. ಕೊರಿಯರ್‌ನವನು ಕವರ್ ಇಸ್ಕೊಂಡು ರಸೀದಿ ಹರಿದು ಕೊಟ್ಟ ಹಾಗೆ. ಕವರ್ ತಲುಪಿತು ಅಂತ ಅಲ್ಲ.

ನಾನು ಬರೆದ ಹೊಂದಿಕೆ ಪಟ್ಟಿಯಲ್ಲಿ ಆಸ್ಪತ್ರೆಯ ಎಲ್ಲಾ ವಾರ್ಡ್ ಇದ್ದವು. ಗೋ-ಲೈವ್ ಚೆನ್ನಾಗೇ ಆಯ್ತು, ಕೇಕ್ ಕತ್ತರಿಸಿದ್ವಿ. ಎರಡು ತಿಂಗಳಾದ ಮೇಲೆ ಆಸ್ಪತ್ರೆಯವರು ಪಕ್ಕದ ಹೊಸ ಕಟ್ಟಡದಲ್ಲಿ ಕೀಮೋ ಡೇ-ಕೇರ್ ವಾರ್ಡ್ ತೆರೆದ್ರು. ಅವರ ಐಟಿಯವರು ಇಎಚ್‌ಆರ್‌ನಲ್ಲಿ ಹೊಸ ವಾರ್ಡ್ ಕೋಡ್ ಸೇರಿಸಿದ್ರು. ನಮಗೆ ಹೇಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ. ನನ್ನ ಕೋಡ್‌ನಲ್ಲಿ ಕೊನೇ ಸಾಲು ಹೀಗಿತ್ತು: ವಾರ್ಡ್ ಪಟ್ಟಿಯಲ್ಲಿ ಇಲ್ಲದಿದ್ರೆ ಎರರ್ ಫೋಲ್ಡರ್‌ಗೆ ಹಾಕು, ಲಾಗ್ ಬರಿ. ಕೋಡ್ ರಿವ್ಯೂನಲ್ಲಿ ನನ್ನ ಲೀಡ್ ಆ ಸಾಲಿಗೆ "ಗುಡ್ ಹ್ಯಾಂಡ್ಲಿಂಗ್" ಅಂತ ಕಾಮೆಂಟ್ ಹಾಕಿದ್ರು.

ಶನಿವಾರ ಬೆಳಿಗ್ಗೆ ಆ ವಾರ್ಡ್‌ನ ಮೊದಲ ದಿನ. ಕೀಮೋ ಕೊಡೋ ಮುಂಚೆ ರಕ್ತ ಪರೀಕ್ಷೆ ಆಗಲೇಬೇಕು, ರಕ್ತಕಣಗಳ ಎಣಿಕೆ ನೋಡಿಯೇ ಔಷಧಿ ಹಾಕೋದು. ರಕ್ತ ತೆಗೆಯೋ ಹುಡುಗರ ಕೈಲಿ ಇರೋ ಪಟ್ಟಿ ಬರೋದು ಲ್ಯಾಬ್ ಸಿಸ್ಟಮ್‌ನಿಂದ. ಅಲ್ಲಿ ಈ ವಾರ್ಡ್‌ನವರ ಹೆಸರು ಒಂದೂ ಇಲ್ಲ. ಹಾಗಾಗಿ ಅವರು ಆ ಕಡೆ ಬರಲೇ ಇಲ್ಲ. ಡಾಕ್ಟರ ಸ್ಕ್ರೀನ್‌ನಲ್ಲಿ "ಆರ್ಡರ್ ಕಳಿಸಲಾಗಿದೆ". ಹಿಂಜೇವಾಡಿಯಲ್ಲಿ ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲಾ ಹಸಿರು, ಯಾಕಂದ್ರೆ ಅದು ಎಣಿಸ್ತಿದ್ದದ್ದು ಆಕ್‌ಗಳನ್ನ. ಎರಡು ಬಸ್ ಬದಲಿಸಿ ಹಳ್ಳಿಗಳಿಂದ ಬಂದಿದ್ದವರು ತೋಳು ಚಾಚಿಕೊಂಡು ಕೂತಿದ್ದಾರೆ. ಹೊಸ ವಾರ್ಡ್, ಮೊದಲ ದಿನ, ಸ್ವಲ್ಪ ತಡ ಆಗುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ಹನ್ನೆರಡು ಗಂಟೆ ಹೊತ್ತಿಗೆ ನನಗೆ ಫೋನ್ ಬಂತು. ವಾರ್ಡ್‌ನ ಇನ್‌ಚಾರ್ಜ್ ಸಿಸ್ಟರ್. ಮರಾಠಿಯಲ್ಲಿ ಶುರು ಮಾಡಿದ್ರು, ನನ್ನ ಮರಾಠಿ ಕೇಳಿ ಕನ್ನಡಕ್ಕೆ ಬಂದ್ರು. ವಿಜಯಪುರ ಕಡೆಯವರು. ನಾನು ಲಾಗ್ ನೋಡದೇನೇ, "ಮೇಡಂ, ನಮ್ಮ ಕಡೆ ಎಲ್ಲಾ ಸರಿ ಇದೆ, ಎಲ್ಲಾ ಗ್ರೀನ್ ತೋರಿಸ್ತಿದೆ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಸರ, ನಿಮ್ಮ ಸ್ಕ್ರೀನ್‌ನ್ಯಾಗ ಎಲ್ಲಾ ಹಸರ ಐತಿ, ಛಲೋ ಆತು. ನನ್ನ ಮುಂದ ಹತ್ತೊಂಬತ್ತು ಮಂದಿ ಕುಂತಾರ. ಅವರ ಹೆಸರು ಎಲ್ಲಿ ಐತಿ ಅದನ್ನ ಹೇಳ್ರಿ" ಅಂದ್ರು.

ಎರರ್ ಫೋಲ್ಡರ್ ತೆಗೆದು ನೋಡಿದೆ. ಹತ್ತೊಂಬತ್ತು ಫೈಲ್.

ಪಟ್ಟಿಗೆ ಒಂದು ಸಾಲು ಸೇರಿಸಿ ಎಲ್ಲವನ್ನೂ ಮತ್ತೆ ಕಳಿಸೋಕೆ ನನಗೆ ಹದಿನೈದು ನಿಮಿಷ ಕೂಡ ಬೇಕಾಗಲಿಲ್ಲ. ಆದ್ರೆ ಶನಿವಾರ, ಡೇ-ಕೇರ್ ಸಂಜೆಗೆ ಮುಚ್ಚಬೇಕು, ರಕ್ತ ತೆಗೆದು ಫಲಿತಾಂಶ ಬಂದು ಔಷಧಿ ಸಿದ್ಧ ಮಾಡಿ ಹಾಕೋಕೆ ಗಂಟೆಗಟ್ಟಲೆ ಬೇಕು. ಹನ್ನೊಂದು ಜನಕ್ಕೆ ಅವತ್ತು ಆಯ್ತು. ಎಂಟು ಜನರನ್ನ ಸೋಮವಾರ ಬನ್ನಿ ಅಂತ ಕಳಿಸಿದ್ರು. ಎರಡು ದಿನ ತಡ ಆದ್ರೆ ವೈದ್ಯಕೀಯವಾಗಿ ದೊಡ್ಡ ವ್ಯತ್ಯಾಸ ಆಗಲ್ಲ ಅಂತ ಡಾಕ್ಟರು ನನಗೆ ಆಮೇಲೆ ಹೇಳಿದ್ರು. ಸಮಾಧಾನಕ್ಕೆ ಹೇಳಿದ್ರೋ ನಿಜವೋ, ನಾನು ಮತ್ತೆ ಕೇಳಲಿಲ್ಲ. ಆ ಎಂಟು ಜನರಲ್ಲಿ ಎಷ್ಟು ಜನ ಎರಡು ಬಸ್ ಹತ್ತಿ ವಾಪಸ್ ಹೋದ್ರು, ಎಷ್ಟು ಜನ ಆಸ್ಪತ್ರೆ ಹೊರಗಿನ ಕಟ್ಟೆ ಮೇಲೇ ಎರಡು ರಾತ್ರಿ ಕಳೆದ್ರು ಅನ್ನೋದು ಯಾವ ಲಾಗ್‌ನಲ್ಲೂ ಇಲ್ಲ.

ಸ್ಪೋಕ್ಯಾನ್ ವರದಿಯನ್ನ ನಾನು ಓದಿದ್ದು ಇದಾದ ಮೇಲೆ. ಅವರದ್ದು ಒಂದೇ ಸಿಸ್ಟಮ್ ಒಳಗೆ ದಾರಿ ತಪ್ಪಿದ್ದು, ನನ್ನದು ಎರಡು ಸಿಸ್ಟಮ್ ನಡುವೆ. ಅವರದ್ದು ಎಂಟು ಒಂಬತ್ತು ತಿಂಗಳು, ನನ್ನದು ಅರ್ಧ ದಿನ. ನನ್ನದು ಅರ್ಧ ದಿನಕ್ಕೆ ನಿಂತದ್ದಕ್ಕೆ ಕಾರಣ ನನ್ನ ಜಾಣತನ ಅಲ್ಲ. ರೋಗಿಗಳು ಸಿಸ್ಟರ್ ಕಣ್ಣೆದುರಿಗೇ ಕೂತಿದ್ರು, ಅಷ್ಟೇ. ಅದೇ "ಒಂದು ತಿಂಗಳು ಬಿಟ್ಟು ಬನ್ನಿ" ಅನ್ನೋ ಥರದ ಆರ್ಡರ್ ಆಗಿದ್ರೆ ರೋಗಿ ಮನೆಯಲ್ಲಿರ್ತಿದ್ರು, ಖಾಲಿ ಕುರ್ಚಿ ಯಾರಿಗೂ ಕಾಣ್ತಿರಲಿಲ್ಲ.

ಆಮೇಲೆ ನಾವು ಬದಲಾಯಿಸಿದ್ದು ದೊಡ್ಡ ತಂತ್ರಜ್ಞಾನ ಏನೂ ಅಲ್ಲ. ಡ್ಯಾಶ್‌ಬೋರ್ಡ್ ಈಗ ಆಕ್ ಎಣಿಸಲ್ಲ. ಇಎಚ್‌ಆರ್‌ನಲ್ಲಿ ಹುಟ್ಟಿದ ಆರ್ಡರ್ ಎಷ್ಟು, ಲ್ಯಾಬ್ ಪಟ್ಟಿಯಲ್ಲಿ ಕಾಣಿಸಿದ್ದು ಎಷ್ಟು ಅಂತ ಎರಡೂ ಕಡೆ ಎಣಿಸಿ ತಾಳೆ ನೋಡುತ್ತೆ. ಬ್ಯಾಂಕಿಂಗ್‌ನಿಂದ ಬಂದವರಿಗೆ ಇದು ರೋಜಿನ ರಿಕನ್ಸಿಲಿಯೇಷನ್, ಅವರು ನಗ್ತಾರೆ, "ಇದನ್ನ ನೀವು ಮೊದಲೇ ಮಾಡ್ತಿರಲಿಲ್ವಾ?" ಅಂತ. ಅದಕ್ಕೇ ಬ್ಯಾಂಕಿಂಗ್ ಬಿಟ್ಟು ಬರಬಹುದಾ ಅಂತ ಕೇಳಿದವರಿಗೆ ನನ್ನ ಉತ್ತರ, ದಯವಿಟ್ಟು ಬನ್ನಿ, ಆ ಅಭ್ಯಾಸ ಜೊತೆಗೆ ತನ್ನಿ. ಇನ್ನೊಂದು, ಹೊಸ ವಾರ್ಡ್ ಕೋಡ್ ಸೇರಿಸಿದ್ರೆ ಹೊಂದಿಕೆ ಪಟ್ಟಿ ತುಂಬೋವರೆಗೆ ಆ ವಾರ್ಡ್‌ನಿಂದ ಆರ್ಡರ್ ಹಾಕೋಕೇ ಬಿಡಲ್ಲ. ಡಾಕ್ಟರಿಗೆ ಅಲ್ಲೇ ಕೆಂಪಗೆ ಕಾಣುತ್ತೆ, ಬೈಕೊಳ್ತಾರೆ, ಫೋನ್ ಮಾಡ್ತಾರೆ. ಬೈಸಿಕೊಳ್ಳೋದು ವಾಸಿ. ಮೂರನೆಯದು ಸಿಸ್ಟರ್ ಕೇಳಿದ್ದು. ದಾರಿ ತಪ್ಪಿದ ಆರ್ಡರ್‌ಗಳ ಪಟ್ಟಿ ನಮ್ಮ ಆಫೀಸಿನ ಮೇಲ್‌ಬಾಕ್ಸ್‌ಗೆ ಬೇಡ, ದಿನಕ್ಕೆ ಎರಡು ಸಲ ಅವರ ನರ್ಸಿಂಗ್ ಸ್ಟೇಷನ್‌ನ ಪ್ರಿಂಟರ್‌ಗೇ ಬರಲಿ ಅಂತ. ನಮ್ಮ ಮ್ಯಾನೇಜರ್‌ಗೆ ಅದು ಇಷ್ಟ ಇರಲಿಲ್ಲ. ನಮ್ಮ ತಪ್ಪನ್ನ ಗ್ರಾಹಕರ ಪ್ರಿಂಟರ್‌ನಲ್ಲಿ ನಾವೇ ಮುದ್ರಿಸಿ ಕೊಡೋದಾ ಅಂತ. ಎರಡು ಮೀಟಿಂಗ್ ಬೇಕಾಯ್ತು ಒಪ್ಪಿಸೋಕೆ.

ಆ ಹಾಳೆಯಲ್ಲಿ ಎಡಗಡೆ ಹೆಸರು, ಮಧ್ಯ ಪರೀಕ್ಷೆ, ಬಲಗಡೆ ಪೆನ್ನಲ್ಲಿ ಬರೆಯೋಕೆ ಒಂದು ಖಾಲಿ ಖಾನೆ ಇದೆ. ಬಹಳಷ್ಟು ದಿನ ಹಾಳೆ ಖಾಲಿಯೇ ಬರುತ್ತೆ. ಖಾಲಿ ಬಂದ್ರೂ ಪ್ರಿಂಟ್ ಆಗಲೇಬೇಕು ಅಂತ ಸಿಸ್ಟರ್ ಹಟ ಹಿಡಿದಿದ್ರು, ಇಲ್ಲದಿದ್ರೆ ಪ್ರಿಂಟರ್ ಕೆಟ್ಟಿದೆಯೋ ಆರ್ಡರ್ ತಪ್ಪಿಲ್ಲವೋ ಅಂತ ಗೊತ್ತಾಗೋದು ಹೇಗೆ ಅಂತ. ಇದನ್ನ ನಮ್ಮ ಭಾಷೆಯಲ್ಲಿ ಹಾರ್ಟ್‌ಬೀಟ್ ಅಂತೀವಿ ಅಂತ ಹೇಳಿದ್ರೆ ಅವರು ನಕ್ಕರು.

ಹೋದ ವಾರ ಬೆಳಿಗ್ಗೆ ಎಂಟೂ ಕಾಲಿಗೆ ಅವರದ್ದೊಂದು ವಾಟ್ಸಾಪ್ ಬಂತು, ಹಾಳೆಯ ಫೋಟೋ ಸಮೇತ: "ಇವತ್ತ ಮೂರು ಅದಾವ್ರಿ. ಎರಡು ನಮ್ಮವರ ತಪ್ಪು, ಒಂದು ನಿಮ್ಮದು. ಲಗೂನ ನೋಡ್ರಿ."